ಸಂಕದ ಅಳುವಿಗೆ ದೆಹಲಿಯ ಪ್ರಶಸ್ತಿ

ತುಂಬು ಬಸುರಿ ಕುಮುದಾ ಹೊಸನಗರದ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದವಳು ಸೀರೆ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿದಳು. ಮುಂದೆ ಅತ್ತೆ ದುರ್ಗಮ್ಮ, ಹಿಂದೆ ಗಂಡ ದುರ್ಗೇಶ. ಎರಡು ಮಳೆ ಬಿದ್ದಿತ್ತಷ್ಟೆ, ಆಗಲೇ ನೀರು ತೊಡೆಗೆ ಬರುತ್ತಿತ್ತು. ಕಾಲಡಿಯ ಕಲ್ಲು ಪಾಚಿ ಕಟ್ಟಿ ಜಾರುತ್ತಿತ್ತು.

"ಅತ್ತೆ, ನೋವು ಬಂದ್ರೆ ಹ್ಯಾಂಗ್ ದಾಟದು?"

"ನೋವಿಗೆ ಹೇಳನ, ಮಳೆಗಾಲ ಮುಗುದ್ಮೇಲೆ ಬಾ ಅಂತ."

ನಾಲಿಗೆ ತಮಾಷೆ ಮಾಡಿತು. ದುರ್ಗಮ್ಮನ ಕೈ ಮಾತ್ರ ಹಿಂದಕ್ಕೆ ಚಾಚಿ ಸೊಸೆಯ ಮುಂಗೈ ಗಟ್ಟಿಯಾಗಿ ಹಿಡಿಯಿತು. ಆಂಬ್ಯುಲೆನ್ಸ್ ಬಂದರೂ ಈಚೆ ದಡದ ರಸ್ತೆವರೆಗೆ. ಕೇರಿ ಇರುವುದು ಆಚೆ ದಡದಲ್ಲಿ. ಮಳೆ ಹಿಡಿಯಿತೆಂದರೆ ಈ ಹಳ್ಳಕ್ಕೆ ಇಳಿದವರು ಉಂಟೇ?

ಮೊದಲು ಅಲ್ಲೊಂದು ಕಾಲುಸಂಕ ಇತ್ತು, ನಡೆದು ದಾಟುವ ಕಿರುಸೇತುವೆ. ದುರ್ಗಮ್ಮನ ಗಂಡ ಅಂಜನಪ್ಪ ಬದುಕಿದ್ದಾಗ ಕೇರಿಯವರೆಲ್ಲ ಸೇರಿ ಮರ ಹಾಸಿ ಕಟ್ಟಿದ್ದು. ದೀಪಾವಳಿ ಕಳೆದ ಮೇಲೆ ಹಿಂದಿ ಧಾರಾವಾಹಿಯವರು ಬಂದರು. ಅವರಿಗೆ ಜನ, ಜಾಗ, ಕೋಳಿಸಾರು ಎಲ್ಲ ಒದಗಿಸುವ ಗುತ್ತಿಗೆ ಸಾಗರದ ಶ್ರೀಕಾಂತನದು. ನಾಯಕಿ ದಾಟುವಾಗ ಸಂಕ ಮುರಿಯಬೇಕು ಎಂದು ಕಥೆಯಲ್ಲಿತ್ತಂತೆ.

"ಮುರೀಲಿ ಬಿಡ್ರೇ. ಸಂಕ್ರಾಂತಿ ಒಳಗೆ ಸಿಮೆಂಟಿಂದು ಕಟ್ಟಿಸ್ತೀನಿ" ಎಂದ ಶ್ರೀಕಾಂತ.

ಮುರಿದರು. ನಾಯಕಿಯ ಬದಲು ಒಂದು ಗೊಂಬೆ ಬಿತ್ತು. ಸಂಕದ ಬದಲು ಸಂಕವೇ ಬಿತ್ತು.

ಮಾರನೇ ದಿನ, ನಾಯಕಿ ಸತ್ತಿದ್ದಕ್ಕೆ ಅಳು ಎಂದು ದುರ್ಗಮ್ಮನನ್ನು ಕರೆದರು. ಸಾವಿನ ಮನೆಯಲ್ಲಿ ಹಾಡಿ ಹಾಡಿ ಅಳುವುದರಲ್ಲಿ ಅವಳ ಗಂಟಲು ಸುತ್ತೆಲ್ಲ ಹೆಸರುವಾಸಿ. ಆ ಅಳುವಿಗೊಂದು ಕಟ್ಟಳೆಯೂ ಉಂಟು. ಅಳುವವಳು ಯಾರ ಹೆಸರು ಹಿಡಿಯುತ್ತಾಳೋ ಅವನೇ ಬಂದು, ಅವಳ ಮನೆಯ ಕೊಡದ ನೀರು ತಂದು ಕುಡಿಸಿ ಸಮಾಧಾನ ಮಾಡಬೇಕು. ಅಲ್ಲಿಯವರೆಗೆ ಅವಳು ನಿಲ್ಲಿಸುವುದಿಲ್ಲ, ಜೊತೆಗೆ ಕೂತವರು ಏಳುವುದಿಲ್ಲ. ನೀರು ತಾರದವನ ಮನೆಗೆ ಆ ಅಳು ಹಿಂದೆಯೇ ಹೋಗುತ್ತದೆ ಎಂದು ಆ ಸೀಮೆಯವರಿಗೆಲ್ಲ ಭಯ.

ಸತ್ತದ್ದು ಯಾರೆಂದು ದುರ್ಗಮ್ಮನಿಗೆ ಗೊತ್ತಿತ್ತು. ಕ್ಯಾಮೆರಾ ಮುಂದೆ ಕೂತು ಸಂಕಕ್ಕೇ ಅತ್ತಳು. ಗಂಡ ಹಾಸಿದ ಮರ ನೆನಪಾಗಿ ಕಣ್ಣೀರು ನಿಜವಾಗಿಯೇ ಬಂತು. ಶ್ರೀಕಾಂತ ಆಗ ಸಾರಿಗೆ ಉಪ್ಪು ಸಾಲದೆಂದು ಅಡುಗೆಯವರ ಮೇಲೆ ಹಾರಾಡುತ್ತಿದ್ದ. ಒಂದಕ್ಷರ ಅರ್ಥವಾಗದ ನಿರ್ದೇಶಕ ಮೂಗು ಒರೆಸಿಕೊಂಡು ಕಟ್ ಎಂದ, ನೀರು ಬಾರದ ಅಳು ಅರ್ಧಕ್ಕೇ ಉಳಿಯಿತು.

ಟಿವಿಯಲ್ಲಿ ಬಂದಾಗ ಆ ಅಳುವಿನ ಮೇಲೆ ಪಿಟೀಲು ಸುರಿದಿದ್ದರು, ಏನೂ ಕೇಳಲಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ಶ್ರೀಕಾಂತ ಫೋನ್ ಎತ್ತುವುದನ್ನೇ ಬಿಟ್ಟ. ಸರ್ಕಾರವಾದರೂ ಸಂಕ ಕಟ್ಟಿಸಲಿ ಎಂದು ದುರ್ಗೇಶ ತಾಲ್ಲೂಕಿನ ಇಂಜಿನಿಯರ್ ಮಹಾಗಣಪತಿ ಸಾಹೇಬರ ಹತ್ತಿರ ಹೋದ.

"ಅಲ್ಲಿ ಸಂಕ ಇತ್ತು ಅನ್ನೋದಕ್ಕೆ ಆಧಾರ ಏನಿದೆಯಪ್ಪ?" ಎಂದರು ಸಾಹೇಬರು.

ಅಷ್ಟರಲ್ಲಿ ಸುದ್ದಿ ಬಂತು. ಆ ದೃಶ್ಯಕ್ಕೆ ದೇಶದ ದೊಡ್ಡ ಟಿವಿ ಪ್ರಶಸ್ತಿ! ಶ್ರೀಕಾಂತ ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಸಂಜೆ ಹಳ್ಳದ ಈಚೆ ದಡದ ಶಾಲೆ ಬಯಲಿಗೆ ಶಾಮಿಯಾನ ಹಾಕಿಸಿ, ದೆಹಲಿಯ ಸಮಾರಂಭ ನೇರವಾಗಿ ತೋರಿಸಲು ದೊಡ್ಡ ಪರದೆ ತರಿಸಿದ. ಮುಖ್ಯ ಅತಿಥಿ ಮಹಾಗಣಪತಿ ಸಾಹೇಬರು. ಫ್ಲೆಕ್ಸಿನಲ್ಲಿ ಶ್ರೀಕಾಂತನ ಮುಖ ಕುಂಬಳಕಾಯಿಯಷ್ಟು ದೊಡ್ಡದು. ಹಿಂದಿನ ಸಾಲಿನ ನೆಲದ ಮೇಲೆ ಕೇರಿಯ ಹೆಂಗಸರು. ಕುಮುದಾ ಮಾತ್ರ ಮನೆಯಲ್ಲೇ ಉಳಿದಿದ್ದಳು.

ದೆಹಲಿಯ ವೇದಿಕೆಯಲ್ಲಿ ಮಿಣಮಿಣ ಕೋಟಿನ ನಿರ್ದೇಶಕ ಏನೋ ಹೇಳಿದ. ಗೋವಾದಲ್ಲಿ ದುಡಿದು ಹಿಂದಿ ಕಲಿತಿದ್ದ ದುರ್ಗೇಶ ತಿಳಿಸಿದ:

"ಇದು ಸಹ್ಯಾದ್ರಿಯ ಪುರಾತನ ಪ್ರಾರ್ಥನೆಯಂತೆ. ಸಂಗೀತ ತೆಗ್ದು ಬರೀ ಆ ತಾಯಿ ದನಿ ಕೇಳಿಸ್ತಾನಂತೆ."

"ಕೇಳಿಸ್ಲಿ ಕೇಳಿಸ್ಲಿ" ಎಂದು ದುರ್ಗಮ್ಮ ಸೆರಗು ಸರಿಮಾಡಿಕೊಂಡಳು.

ಸ್ಪೀಕರು ಬಾಯಿ ಬಿಟ್ಟಿತು.

"ಅಯ್ಯೋ ನನ್ ಸಂಕವೇ, ಅಂಜನಪ್ಪ ಹಾಸಿದ ಸಂಕವೇ,
ಗಟ್ಟಿಮುಟ್ಟಾಗಿದ್ ನಿನ್ನ ಕೊಂದ್ರಲ್ಲೋ!
ಸಿಮೆಂಟು ಹಾಕಿಸ್ತೀನಂದ, ಕೋಳಿ ಕಾಲು ಚೀಪ್ತಾ ಕೂತ,
ಸಾಗರದ ಶ್ರೀಕಾಂತಾ...
ಬಸ್ರಿ ಬಾಣ್ತೇರು ಎಲ್ಲಿ ದಾಟ್ಲೋ,
ನಿನ್ ಬೆನ್ನಿನ ಮ್ಯಾಲೆ ದಾಟ್ಲೇನೋ, ಶ್ರೀಕಾಂತಾ..."

ದೆಹಲಿಯ ಸಭೆ ಎದ್ದು ನಿಂತು ಕಣ್ಣೊರೆಸಿಕೊಂಡಿತು. ಶಾಲೆ ಬಯಲಲ್ಲಿ ಮೊದಲು ಒಬ್ಬಳು ಕಿಸಕ್ಕೆಂದಳು. ಆಮೇಲೆ ಶಾಮಿಯಾನವೇ ಹಾರುವ ಹಾಗೆ ನಗು. ಶ್ರೀಕಾಂತ, "ಬಂದ್ ಮಾಡ್ರೋ, ವೈರ್ ಕೀಳ್ರೋ!" ಎಂದು ಕೂಗಿ ತಾನೇ ವೈರು ಕಿತ್ತ.

ಪರದೆ ಕಪ್ಪಾಯಿತು. ಅಳು ನಿಲ್ಲಲಿಲ್ಲ. ದುರ್ಗಮ್ಮ ಅದು ನಿಂತಲ್ಲಿಂದಲೇ ಎತ್ತಿಕೊಂಡಿದ್ದಳು. ಕೇರಿಯ ಹೆಂಗಸರೆಲ್ಲ "ಶ್ರೀಕಾಂತಾ..." ಎಂದು ದನಿ ಕೂಡಿಸಿದರು.

"ದುರ್ಗಮ್ಮಾ, ಮರ್ಯಾದೆ ಕಳೀಬ್ಯಾಡ ಮಾರಾಯ್ತಿ, ತಗ" ಎಂದು ಶ್ರೀಕಾಂತ ಬಾಟಲಿ ನೀರು ಹಿಡಿದುಕೊಂಡು ಓಡಿ ಬಂದ.

ದುರ್ಗಮ್ಮ ಉಸಿರೆಳೆದುಕೊಳ್ಳುವ ನಡುವೆ ಹೇಳಿದಳು: "ಅದು ಅಂಗಡೀದು. ನಮ್ಮನೆ ಕೊಡದ್ದು ಬೇಕಪ್ಪ."

ಶ್ರೀಕಾಂತ ಸುತ್ತ ನೋಡಿದ. ಒಬ್ಬರೂ ಏಳಲಿಲ್ಲ. ಅವನೂ ಇದೇ ಸೀಮೆಯವನು, ಅಳುವನ್ನು ಬೆನ್ನಿಗೆ ಕಟ್ಟಿಕೊಂಡು ಮನೆಗೆ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಬಿಳಿ ಪ್ಯಾಂಟು ಮಡಚಿ ಹಳ್ಳಕ್ಕೆ ಇಳಿದ. ಆಚೆ ದಡದಲ್ಲಿ ಕುಮುದಾ ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕೊಡದ ನೀರಿನ ಚೆಂಬು ಹಿಡಿದು ನಿಂತಿದ್ದಳು. ಅತ್ತೆಯ ದನಿ ಅವಳಿಗೆ ಕೇಳಿಸಿತ್ತು.

ಚೆಂಬು ಹಿಡಿದು ವಾಪಸು ಬರುವಾಗ ನಡುನೀರಿನಲ್ಲಿ ಅವನ ಕಾಲು ಜಾರಿತು. ಚೆಂಬು ತೇಲಿ ಹೋಯಿತು. ಹಳೇ ಸಂಕದ ಒಂದು ಗೂಟ ಇನ್ನೂ ಉಳಿದಿತ್ತು. ಅದನ್ನು ತಬ್ಬಿಕೊಂಡು ಜೀವ ಉಳಿಸಿಕೊಂಡ.

ದುರ್ಗಮ್ಮ ಅಳು ಬಿಟ್ಟು ಕೂಗಿದಳು: "ಗಟ್ಟಿ ಹಿಡ್ಕಳೋ! ನೋಡ್ರಿ ಸಾಹೇಬ್ರೇ, ಸಂಕ ಇತ್ತು ಅನ್ನಾಕೆ ಆಧಾರ ಅಲ್ಲೈತೆ!"

ಜನ ಇನ್ನೂ ಏಳಲಿಲ್ಲ. ದುರ್ಗಮ್ಮ ಗಂಟಲು ಸರಿಮಾಡಿಕೊಂಡು ಹೊಸ ಸಾಲು ಹಿಡಿದಳು.

"ಆಧಾರ ಕೇಳಿದ ಮಾಗಣಪತೀ..."

ಮುಂದಿನ ಸಾಲಿನಲ್ಲಿ ಇಂಜಿನಿಯರ್ ಸಾಹೇಬರು ಬಗ್ಗಿ ಶೂ ಬಿಚ್ಚತೊಡಗಿದರು.