ಹಲಗೆಯ ಒಳಮುಖ

ವೇಗ ತೋರಿಸುವ ದೊಡ್ಡ ಮೀಟರನ್ನು ಎರಡೂ ಕೈಯಲ್ಲಿ ಹಿಡಿದು ಕಾರಿನೊಳಕ್ಕೆ ಬಗ್ಗಿದ್ದ ಡ್ರೈವರ್ ರಾಮಾಂಜಿನಪ್ಪ ಹಾಗೇ ನಿಂತುಬಿಟ್ಟ. ಆಚೆ ಬಾಗಿಲಿನಿಂದ ಡ್ಯಾಶ್‌ಬೋರ್ಡಿನ ಹೊಸ ಹಲಗೆಯನ್ನು ಅದರ ಜಾಗಕ್ಕೆ ಒತ್ತಿ ಹಿಡಿದಿದ್ದ ಪಿಳ್ಳಣ್ಣ ಏನಾಯಿತೆಂದು ಕೇಳಿದ.

"ಲೇ ಪಿಳ್ಳಣ್ಣ, ಇದ್ರ ತೂತು ನಿನ್ ಕಡೆ ಬಂದೈತಲ್ಲೋ," ಎಂದ ರಾಮಾಂಜಿನಪ್ಪ. "ಇಂಗೇ ಕೂರ್ಸಿದ್ರೆ ಗಾಡಿ ನಾನು ಓಡಿಸ್ಬೇಕು, ಎಷ್ಟು ಜೋರಾಗ್ ಓಡ್ತೈತೆ ಅಂತ ಪಕ್ದಲ್ ಕೂತ್ಕಂಡು ಡಾಕ್ಟ್ರಮ್ಮ ಕೂಗಿ ಹೇಳ್ಬೇಕು."

ಪಿಳ್ಳಣ್ಣ ನಗಲಿಲ್ಲ.

ಹೊಸಕೋಟೆಯ ಲೇಡಿ ಡಾಕ್ಟರು ರುಕ್ಮಿಣಮ್ಮನವರ ಕಾರು ಮೂರು ದಿನದಿಂದ ಅವನ ಮನೆಯ ಮುಂದಿನ ಹೊಂಗೆ ಮರದಡಿ ನಿಂತಿತ್ತು. ಎರಡು ಮಳೆಗಾಲದ ನೀರು ಗಾಜಿನ ಸಂದಿಯಿಂದ ಇಳಿದಿಳಿದು ಡ್ಯಾಶ್‌ಬೋರ್ಡಿನ ಮರ ಉಬ್ಬಿ, ಅಲ್ಲಲ್ಲಿ ಮುಟ್ಟಿದರೆ ಪುಡಿಯಾಗುವಂತಾಗಿತ್ತು. ಯುದ್ಧ ಶುರುವಾದ ಮೇಲೆ ವಿಲಾಯಿತಿಯಿಂದ ಕಾರಿನ ಸಾಮಾನು ಬರುವುದು ನಿಂತಿತ್ತು. ಮರದ ಕೆಲಸವಾದರೆ ತಾನು ಮಾಡಿಕೊಡುತ್ತೇನೆಂದು ಪಿಳ್ಳಣ್ಣನೇ ಹೋಗಿ ಕೇಳಿಕೊಂಡಿದ್ದ. ಹೊಲದ ಕೆಲಸ ಮುಗಿದ ಮೇಲೆ ಊರಿನ ಗಾಡಿ, ಬಾಗಿಲು, ತೊಟ್ಟಿಲುಗಳನ್ನು ಮಾಡುತ್ತಿದ್ದ ಕೈ ಅವನದು. ಕಾರನ್ನು ಮುಟ್ಟಿದ್ದು ಇದೇ ಮೊದಲು.

ಅಲ್ಲ, ಒಂದು ಸಲ ಮುಟ್ಟಿದ್ದ. ಎರಡು ವರ್ಷದ ಹಿಂದೆ ಹೆಂಡತಿ ಮುತ್ಯಾಲಮ್ಮ ಎರಡು ದಿನ ನೋವು ತಿಂದು ಸೋತು ಮಲಗಿದಾಗ ಡಾಕ್ಟರಮ್ಮ ಇದೇ ಕಾರಿನಲ್ಲಿ ಅವಳನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದ್ದರು. ಹಿಂದೆ ಮಲಗಲಾರದ ಮುತ್ಯಾಲಮ್ಮನನ್ನು ಅವನೇ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ್ದ. ಅವಳು ದಾರಿಯುದ್ದಕ್ಕೂ ಆ ಹಲಗೆಯನ್ನು ಹಿಡಿದುಕೊಂಡಿದ್ದಳು. ತಾಯಿ ಮಗು ಇಬ್ಬರೂ ಉಳಿದರು. ಆಮೇಲೆ ಅವನು ಒಂದು ಬುಟ್ಟಿ ಅವರೆಕಾಯಿ ಹೊತ್ತುಕೊಂಡು ಹೋದರೆ ಡಾಕ್ಟರಮ್ಮ ಒಂದೇ ಹಿಡಿ ತೆಗೆದುಕೊಂಡು ಉಳಿದದ್ದನ್ನು ಬಾಣಂತಿಗೆ ಹಾಕು ಎಂದು ವಾಪಸು ಕಳಿಸಿದ್ದರು. ಆ ಬುಟ್ಟಿಯ ಭಾರ ಅವನ ತಲೆಯಿಂದ ಇನ್ನೂ ಇಳಿದಿರಲಿಲ್ಲ.

ರಾಮಾಂಜಿನಪ್ಪ ಮೀಟರುಗಳನ್ನು ಬಿಚ್ಚಿದಾಗ ಯಾವ ತಂತಿ ಯಾವುದರದೆಂದು ಮರೆಯದಿರಲೆಂದು ಮುತ್ಯಾಲಮ್ಮ ತನ್ನ ಹಳೆ ಸೀರೆಗಳ ಅಂಚು ಹರಿದು ಕೆಂಪು, ಹಸಿರು, ಹಳದಿ ದಾರ ಕಟ್ಟಿದ್ದಳು. ಕಳಚಿ ಬಂದ ಹಲಗೆಯ ಎಡಭಾಗದಲ್ಲಿ, ಬಣ್ಣದ ಮೇಲೆ, ನಾಲ್ಕು ಉಗುರಿನ ಗೀರಿದ್ದವು. ಅವಳು ಅವುಗಳ ಮೇಲೆ ಬೆರಳಿಟ್ಟು ನೋಡಿದಳು. ದೇವರ ಮಂಟಪಕ್ಕೆಂದು ಐದು ವರ್ಷ ಒಣಗಿಸಿಟ್ಟಿದ್ದ ಹಲಸಿನ ಹಲಗೆಯನ್ನು ಪಿಳ್ಳಣ್ಣ ಅಟ್ಟದಿಂದ ಇಳಿಸಿದಾಗಲೂ ಅವಳು ಬೇಡವೆನ್ನಲಿಲ್ಲ. ದೇವರಿಗೆ ಹಳೆ ಮಣೆಯೇ ಸಾಕು ಎಂದಳು.

ತಪ್ಪಾದದ್ದು ಅಳತೆಯಲ್ಲಿ. ಹಳೆಯ ಹಲಗೆಯ ಬೆನ್ನಿಗೆ ತುಕ್ಕು ಹಿಡಿದ ಎರಡು ಕಬ್ಬಿಣದ ಪಟ್ಟಿ ಕಚ್ಚಿಕೊಂಡಿದ್ದವು. ಬೆನ್ನು ಕೆಳಗಾದರೆ ಸಮನಾಗಿ ಕೂರದೆಂದು ಅದನ್ನು ಬೋರಲು ಮಲಗಿಸಿ, ಹೊಸದರ ಹೊರಗೆ ಕಾಣಬೇಕಾದ ನುಣುಪು ಮುಖದ ಮೇಲೆ ಗೆರೆ ಎಳೆದು ಕೊರೆದಿದ್ದ. ಬಾಗಿಲಿಗೂ ತೊಟ್ಟಿಲಿಗೂ ಎಡಬಲ ಒಂದೇ. ಬೋರಲಾದರೆ ಇದರ ಎಡ ಬಲವಾಗುತ್ತದೆಂಬುದು ಅವನಿಗೆ ಹೊಳೆದಿರಲಿಲ್ಲ. ಇನ್ನೊಂದು ಹಲಗೆ ಇರಲಿಲ್ಲ. ಮಧ್ಯಾಹ್ನ ಡಾಕ್ಟರಮ್ಮ ಜಟಕಾದಲ್ಲಿ ಬಂದು, ಇದೇ ಕಾರಿನಲ್ಲಿ ಸೂಲಿಬೆಲೆ ಕಡೆಯ ಒಬ್ಬ ತುಂಬು ಬಸುರಿಯನ್ನು ನೋಡಲು ಹೋಗಬೇಕಾಗಿತ್ತು.

"ಮಗ್ಚಿ ಹಾಕಿದ್ರೆ ಸರಿ ಹೋಗ್ತೈತೆ," ಎಂದ ರಾಮಾಂಜಿನಪ್ಪ, ಹಲಗೆಯನ್ನು ಈಚೆಗೆ ತೆಗೆದು ತಿರುಗಿಸುತ್ತ. "ಒಳಮುಖ ಈಚೆಗ್ ಬರ್ತೈತೆ, ಅಷ್ಟೇಯ."

ಅಷ್ಟೇ ಆಗಿರಲಿಲ್ಲ. ಹಲಗೆ ಕೀಸಿದ ದಿನ ಮಗಳು ಪಾಪಮ್ಮ ಬಚ್ಚಲಿಂದ ಓಡಿಬಂದು ಅದನ್ನು ತುಳಿದಿದ್ದಳು. ಬಿಳುಪು ಹಳದಿ ಮರದ ಮೇಲೆ ಪುಟ್ಟ ಪಾದ ಒದ್ದೆಯಾಗಿ ಮೂಡಿತ್ತು. ಅದು ಆರುವ ಮೊದಲೇ ಪಿಳ್ಳಣ್ಣ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಸಣ್ಣ ಉಳಿಯಲ್ಲಿ ಕೆತ್ತಿದ್ದ. ಒಳಮುಖದಲ್ಲಿ ಇರುವುದು, ದೇವರೊಬ್ಬನಿಗೆ ಗೊತ್ತಿದ್ದರೆ ಸಾಕು ಎಂದುಕೊಂಡಿದ್ದ. ಈಗ ಹಲಗೆ ಮಗುಚಿದರೆ ಆ ಪಾದ ಎಡಗಡೆ ಕೂರುವವರ ಎದುರಿಗೇ ಬರುತ್ತಿತ್ತು. ದೇವರಂಥವರ ಮುಖಕ್ಕೆ ಕಾಲು ತೋರಿಸಿದ ಹಾಗೆ.

ಅವನು ಕೀಸುಳಿ ಕೈಗೆತ್ತಿಕೊಂಡ. ಗೆರೆ ಹೋಗುವಷ್ಟು ಕೀಸಿದರೆ ಹಲಗೆ ತೆಳುವಾಗಿ ಮೀಟರುಗಳ ಬಿಗಿ ನಿಲ್ಲುವುದಿಲ್ಲವೆಂದು ರಾಮಾಂಜಿನಪ್ಪ ಅವನ ಕೈ ಹಿಡಿದ. ಮುತ್ಯಾಲಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನೋಡುತ್ತಿದ್ದಳು. "ಹಬ್ಬದಾಗೆ ಲಕ್ಷ್ಮಿ ಪಾದ ಹೊಸ್ಲಲ್ಲಿ ಬರೀತೀವಿ, ಅವ ಕಂಡ್ರೆ ಯಾರ್ಗಾನ ಕ್ವಾಪ ಬತ್ತದಾ?" ಎಂದಳು. "ಕೂರ್ಸು, ಹೊತ್ತಾಯ್ತು."

ಕೂರಿಸಿದರು. ದಾರದ ಗುರುತು ನೋಡಿ ರಾಮಾಂಜಿನಪ್ಪ ತಂತಿಗಳನ್ನು ಒಂದೊಂದಾಗಿ ಸೇರಿಸಿದ. ಇಂಜಿನ್ನು ಗುರುಗುಟ್ಟಿದಾಗ ಕರೆಂಟು ತೋರಿಸುವ ಮೀಟರಿನ ಮುಳ್ಳು ನಡುಗಿ ಮೇಲೆದ್ದಿತು. ಅಷ್ಟರಲ್ಲಿ ಜಟಕಾ ಬಂದಿತು.

ಡಾಕ್ಟರಮ್ಮ ತಮ್ಮ ಜಾಗದಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಕಣ್ಣು ಎದುರಿನ ಹಲಗೆಯ ಮೇಲೆ ನಿಂತಿತು. ಯಾರ ಪಾದವೆಂದು ಕೇಳಿದರು.

"ಇದೇ ಸೀಟಲ್ ಕೂರ್ಸ್ಕಂಡ್ ಹೋದ್ರಲ್ಲ ತಾಯಿ, ಆಗ ನನ್ ಹೊಟ್ಟೇಲಿದ್ ಕೂಸಿಂದು," ಎಂದಳು ಮುತ್ಯಾಲಮ್ಮ. "ಕಾಣ್ದಂಗೆ ಇಕ್ಕಿದ್ರು. ಮರ ಮಗ್ಚೋ ಹೊತ್ಗೆ ಈಚೆಗ್ ಬಂದ್ಬಿಡ್ತು. ತಪ್ಪಾಗಿದ್ರೆ ಮನ್ನಿಸ್ಬೇಕು."

ರುಕ್ಮಿಣಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಮಗುವನ್ನು ಹತ್ತಿರಕ್ಕೆ ತರಿಸಿ, ಅದರ ಧೂಳುಗಾಲನ್ನು ಹಿಡಿದು ಆ ಕೆತ್ತನೆಯೊಳಗೆ ಇಟ್ಟು ನೋಡಿದರು. ಸರಿಯಾಗಿ ಕೂತಿತು.

"ಇನ್ನೆರಡು ತಿಂಗಳಿಗೆ ಹಿಡಿಸೋದಿಲ್ಲ," ಎಂದರು ಮಗುವಿಗೆ. ಆಮೇಲೆ ಪಿಳ್ಳಣ್ಣನ ಕಡೆ ತಿರುಗಿ, "ಅವತ್ತು ಒಂದೇ ಹಿಡಿ ಅವರೆಕಾಯಿ ತಗೊಂಡಿದ್ದೆ. ಇವತ್ತು ಪೂರ್ತಿ ತಗೋತಾ ಇದೀನಪ್ಪ," ಎಂದರು.

ಕಾರು ಹೋದಮೇಲೆ ಪಿಳ್ಳಣ್ಣ ಹೊಂಗೆ ಮರದಡಿಯ ಹಲಸಿನ ಮರದ ಹೊಟ್ಟನ್ನು ಗುಡಿಸಿ ದನದ ಕೊಟ್ಟಿಗೆಗೆ ಹಾಕಿದ. ಉಗುರಿನ ಗೀರಿದ್ದ ಹಳೆಯ ಹಲಗೆಯ ಚೂರನ್ನು ಒಲೆಗೆ ಹಾಕದೆ ಮುತ್ಯಾಲಮ್ಮ ದೇವರ ಮಣೆಯ ಪಕ್ಕಕ್ಕೆ ಇಟ್ಟಿದ್ದಳು.

ಹೊತ್ತು ಮುಳುಗುವ ಮುಂಚೆ ಕಾರು ಸೂಲಿಬೆಲೆ ಕಡೆಯಿಂದ ವಾಪಸು ಬಂದಿತು, ನಿಲ್ಲಲಿಲ್ಲ. ಡಾಕ್ಟರಮ್ಮ ಹಿಂದಿನ ಸೀಟಿನಲ್ಲಿದ್ದರು. ಮುಂದೆ ಯಾರೋ ಎಳೆಯ ಹೆಂಗಸು, ಕಣ್ಣು ಮುಚ್ಚಿ, ತುಟಿ ಕಚ್ಚಿಕೊಂಡು ಕೂತಿದ್ದಳು. ಅವಳ ಕೈ ಹಲಗೆಯ ಮೇಲಿತ್ತು. ಪಿಳ್ಳಣ್ಣ ಬಗ್ಗಿ ನೋಡಿದ. ಅಂಗೈಯ ಕೆಳಗೆ ಪಾದ ಪೂರಾ ಮುಚ್ಚಿಹೋಗಿತ್ತು.