ಹಳೆಯದಕ್ಕೂ ಒಂದು ಕೋಣೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕನಿಗೆ ಬರುವುದು ತಡ, ಆದರೆ ಬಂದದ್ದು ಬೇಗ ಹೋಗುವುದಿಲ್ಲ. ಇಂಥ ಇಬ್ಬರು ಒಂದೇ ಕಂಪ್ಯೂಟರ್ ಇಟ್ಟುಕೊಂಡು ಕಸೂತಿ ಅಂಗಡಿ ನಡೆಸಿದರೆ ಏನಾಗಬೇಕೋ ಅದೇ ಆಯಿತು.

ನಮ್ಮದು ಯಂತ್ರದ ಕಸೂತಿ. ಗಿರಾಕಿ ಕೊಟ್ಟ ಚಿತ್ರವನ್ನು ಹೊಲಿಗೆಗಳಾಗಿ ಬಿಡಿಸುವ ಸಾಫ್ಟ್‌ವೇರ್ ಒಂದಿದೆ. ಅದು ಹೇಳಿದ ಹಾಗೆ ಯಂತ್ರ ಸೂಜಿ ಓಡಿಸುತ್ತದೆ. ಅಂಗಡಿ ತೆರೆದಾಗಿನಿಂದ ಅಕ್ಕ ಅದರ ಹಳೆಯ ಆವೃತ್ತಿಯಲ್ಲೇ ಕೈ ಪಳಗಿಸಿದ್ದಳು. ನನಗೆ ಹೊಸದು ಬೇಕಿತ್ತು, ಏಕೆಂದರೆ ಬಣ್ಣದೊಳಗೆ ಬಣ್ಣ ಕರಗುವ ಹಾಗೆ ತುಂಬುವುದು ಅದರಲ್ಲಿ ಮಾತ್ರ ಸಾಧ್ಯ. ತೊಂದರೆ ಏನೆಂದರೆ, ಹೊಸದನ್ನು ಹಾಕಿದರೆ ಹಳೆಯದು ಹೊರಟುಹೋಗುತ್ತಿತ್ತು. ಇನ್ನೊಂದು ಕಂಪ್ಯೂಟರ್ ಇಡೋಣವೆಂದರೆ, ನಮ್ಮ ಅಂಗಡಿ ಒಬ್ಬಳು ಸೀನಿದರೆ ಇನ್ನೊಬ್ಬಳ ದಾರ ಹಾರುವಷ್ಟು ಕಿರಿದು.

ನಾನು ಹಾಕೋಣ ಎಂದೆ, ಅವಳು ಬೇಡ ಎಂದಳು. ಆಮೇಲೆ ನಮ್ಮ ಮಾತು ಕತ್ತರಿ ಕೊಡು, ಸೂಜಿ ಕೊಡು ಎಂಬಷ್ಟಕ್ಕೇ ನಿಂತಿತು. ಕೊನೆಗೆ ಒಂದು ಸಂಜೆ ಅವಳು ಕೈಕೆಲಸ ಬದಿಗಿಟ್ಟು, "ಹೊಸದು ಹಾಕೋದಾದ್ರೆ ಹಾಕು. ಅಂಗಡಿನೂ ನೀನೇ ನೋಡ್ಕೋ," ಎಂದಳು. ಅಕ್ಕ ಬಾಯಿಮಾತಿಗೆ ಹೀಗೆಲ್ಲ ಹೇಳುವವಳಲ್ಲ. ಅವಳಿಲ್ಲದ ಅಂಗಡಿ ಕಟ್ಟಿಕೊಂಡು ನಾನೇನು ಮಾಡಲಿ?

ನಡುವೆ ಬಂದದ್ದು ಅವಳ ಗಂಡ, ನಮ್ಮ ಭಾವ. ಗ್ರಂಥಾಲಯದಲ್ಲಿ ಕೆಲಸ, ರಜೆ ಬಂದರೆ ಕಂಪ್ಯೂಟರ್ ಮುಂದೆ ಕೂರುವ ಹುಚ್ಚು. ಕಂಪ್ಯೂಟರನ್ನೇ ನಡೆಸುವ ಮೂಲ ವ್ಯವಸ್ಥೆಗಳಲ್ಲಿ ಲಿನಕ್ಸ್ ಒಂದು; ಅದರದೇ ಒಂದು ಬಗೆಯಾದ ಗೋಬೋಲಿನಕ್ಸನ್ನು ಅವರು ಮನೆಯಲ್ಲಿ ಬಳಸುತ್ತಿದ್ದರು. ಲಿನಕ್ಸ್ ಗೊತ್ತಿರುವವರಲ್ಲೂ ಇದರ ಹೆಸರು ಕೇಳಿದವರು ಕಡಿಮೆ. ನಿಮ್ಮವರೆಲ್ಲ ಸೇರಿದರೆ ಒಂದು ಬಸ್ಸಾದರೂ ತುಂಬುತ್ತದಾ ಭಾವ ಎಂದು ನಾನು ಕಾಡಿಸುತ್ತಿದ್ದೆ. ಈಗ ನಮ್ಮ ಕಂಪ್ಯೂಟರಿಗೂ ಅದನ್ನೇ ಹಾಕಿ, ಆ ಬಸ್ಸನ್ನು ಅಂಗಡಿಗೇ ತಂದು ನಿಲ್ಲಿಸಿದರು.

ಬೇರೆ ಕಡೆ ಒಂದು ಸಾಫ್ಟ್‌ವೇರ್ ಹಾಕಿದರೆ ಅದರ ಭಾಗಗಳು ದಿಕ್ಕಿಗೊಂದರಂತೆ ಹರಡುತ್ತವಂತೆ, ಮನೆಮಂದಿಯ ಬಟ್ಟೆಯನ್ನೆಲ್ಲ ಒಂದೇ ಬೀರುವಿಗೆ ತುರುಕಿದ ಹಾಗೆ. ಅದೇ ಹೆಸರಿನ ಹೊಸದು ಬಂದರೆ ಹಳೆಯದು ಸಾಮಾನ್ಯವಾಗಿ ಜಾಗ ಬಿಡಬೇಕು. ಗೋಬೋ ಮಾಡಿದವರ ಯೋಚನೆಯೇ ಬೇರೆ. ಪ್ರತಿಯೊಂದಕ್ಕೂ ಅದರ ಹೆಸರಿನದೇ ಫೋಲ್ಡರ್, ಅದರೊಳಗೆ ಒಂದೊಂದು ಆವೃತ್ತಿಗೂ ಒಂದೊಂದು ಕೋಣೆ. ಒಳಗೆ ಯಾರಿದ್ದಾರೆಂದು ತಿಳಿಯಲು ಹೆಸರು ಓದಿದರೆ ಸಾಕು. ಬೇಡವಾದರೆ ಆ ಕೋಣೆಯನ್ನು ಅಳಿಸಿಬಿಡುವುದು, ಪಕ್ಕದವರಿಗೆ ತೊಂದರೆಯಿಲ್ಲ. ಭಾವ ಇಷ್ಟನ್ನು ಹೇಳುತ್ತಲೇ ಎರಡೂ ಆವೃತ್ತಿಗಳನ್ನು ಕೂರಿಸಿ, ಪರದೆಯ ಮೇಲೆ ಒಂದರ ಕೆಳಗೆ ಅಕ್ಕ, ಇನ್ನೊಂದರ ಕೆಳಗೆ ತಂಗಿ ಎಂದು ಬರೆದರು. ಹಾವೂ ಸಾಯದೆ, ಕೋಲೂ ಮುರಿಯದೆ ಜಗಳ ಮುಗಿಯಿತು.

ಆಮೇಲೆ ಸುಖವಾಗಿದ್ದೆವು. ಬೆಳಗ್ಗೆ ಅವಳು, ಮಧ್ಯಾಹ್ನ ನಾನು. ಆದರೆ ಎಲ್ಲರಿಗೂ ಕೋಣೆ ಕೊಡುತ್ತ ಹೋದರೆ ಮನೆ ದೊಡ್ಡದಿರಬೇಕಲ್ಲ. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಜಾಗ ತುಂಬಿ, ಹೊಸ ವಿನ್ಯಾಸ ಉಳಿಸಲೂ ಆಗದಂತಾಯಿತು. ಏನಾದರೂ ತೆಗೆಯಲೇಬೇಕು ಎಂದು ಭಾವ ಫೋನಿನಲ್ಲಿ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನನ್ನದನ್ನೇ ತೆಗಿ. ನಾನು ಹೊಸದು ಕಲ್ತಿದೀನಿ," ಎಂದಳು.

ಹಿಂದೆ ಈ ಮಾತು ಕೇಳಿದ್ದರೆ ಕುಣಿದಾಡುತ್ತಿದ್ದೆ. ಈಗ ಅಕ್ಕನ ಫೋಲ್ಡರ್ ಹುಡುಕಿ, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲು ಮನಸ್ಸು ಬರಲಿಲ್ಲ.

"ಬೇಡ ಅಕ್ಕ. ಸಣ್ಣ ಎಲೆಗಳ ಅಂಚು ನಾನು ಇದರಲ್ಲೇ ಮಾಡೋದು."

"ನೀನಾ? ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಇಷ್ಟು ವರ್ಷ ನಿನ್ನ ಪಕ್ಕ ಕೂತು ನೋಡಿದ್ದು."

ಅಕ್ಕ ಕೈಯಲ್ಲಿದ್ದ ದಾರದ ರೀಲು ತಿರುಗಿಸತೊಡಗಿದಳು. ಜಾಗಕ್ಕೆ ನನ್ನ ಸಿನಿಮಾಗಳು ಹೋಗಲಿ ಎಂದೆ. ಅಂಗಡಿ ಕಂಪ್ಯೂಟರಿನಲ್ಲಿ ಸಿನಿಮಾ ಇದ್ದದ್ದು ಅವಳಿಗೆ ಗೊತ್ತಾಗಿದ್ದೇ ಆಗ; ಚೆನ್ನಾಗಿ ಬೈದಳು. ಬೈದು ಮುಗಿಸಿ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು.

"ಹಂಗಾದ್ರೆ ನಿನ್ನದನ್ನ ನನಗೆ ಹೇಳ್ಕೊಡು," ಎಂದಳು. "ಕಲ್ತಿದೀನಿ ಅಂದಿದ್ದು ಸುಳ್ಳು."