ಎಡ ಬಾಗಿಲಿನ ಸ್ಪೀಕರು

ಕಾರಿನ ಎಡ ಮುಂಬಾಗಿಲಿನ ಸ್ಪೀಕರು ಗೊರಗೊರ ಎನ್ನತೊಡಗಿ ಬಹಳ ದಿನವಾಗಿತ್ತು. ಅಂಚಿನ ರಬ್ಬರು ಬಿರಿದಿದೆ ಎಂದು ಶಿವರುದ್ರಪ್ಪನವರಿಗೆ ಗೊತ್ತಿತ್ತು. ಭೌತಶಾಸ್ತ್ರದ ಪದವೀಧರರು, ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳ ತಪ್ಪು ಹಿಡಿಯುತ್ತಲೇ ನಿವೃತ್ತರಾದವರು. ಬಾಗಿಲಿನ ಒಳಹಲಗೆಯನ್ನು ತಾವೇ ಬಿಚ್ಚಿ, ವರ್ನಿಯರ್ ಹಿಡಿದು ಕುಳಿಯ ಆಳ ಅಳೆದು, ಎಂಥ ಸ್ಪೀಕರು ಅಲ್ಲಿ ಕೂಡುತ್ತದೆ ಎಂದು ನಿಕ್ಕಿ ಮಾಡಿಕೊಂಡಿದ್ದರು. ಆದರೆ ಅಂಗಡಿಗೆ ಹೊರಟಾಗಲೆಲ್ಲ ಮಗಳು ನೀತಾ ಅಡ್ಡ ಬರುತ್ತಿದ್ದಳು.

"ಹಳೇ ಗಾಡಿಗೆ ಹೊಸಾ ಸ್ಪೀಕರ್ ಯಾಕ ಬಿಡಪಾ? ಅವ್ವನ ಹಾಡ ಕೇಳಸ್ತದಲ್ಲ."

"ಕೇಳಸ್ತದ ಖರೆ. ಗಂಟಲಾಗ ಜೋಳದ ರವದಿ ಸಿಕ್ಕಂಗ ಕೇಳಸ್ತದ."

"ಅವ್ವನ ಮುಂದ ಹಂಗ ಅಂದಿದ್ರ ಅವತ್ತ ನಿನಗ ಊಟ ಸಿಗ್ತಿದ್ದಿಲ್ಲ."

ಹೆಂಡತಿ ಗೌರಾಬಾಯಿ ತೀರಿಕೊಂಡು ಎರಡು ವರ್ಷ. ಜೇಜುರಿಯ ಖಂಡೋಬನನ್ನು ಆಕೆ ಎಂದೂ ಖಂಡೋಬ ಎಂದವಳಲ್ಲ. ತವರಿನ ಮೈಲಾರಲಿಂಗನೇ ಇಲ್ಲಿಗೆ ಬಂದು ಗುಡ್ಡ ಹತ್ತಿ ಕೂತಿದ್ದಾನೆ ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವಾಗ ದಾರಿಯ ಸಾಸವಡ ಊರು ದಾಟಿದರೆ ಸಾಕು, ಕಾರಿನಲ್ಲಿ ಮೈಲಾರನ ಪದಗಳು ಶುರು. ಗುಡ್ಡ ಕಂಡಾಗ ಆರತಿ ಪದ. ಆರತಿ ಪದ ಹಾಡದೆ ಬಿಟ್ಟರೆ ಕರೆದ ದೇವರನ್ನು ಹೊಸ್ತಿಲಾಚೆಯೇ ನಿಲ್ಲಿಸಿದ ಹಾಗೆ ಎಂಬುದು ಆಕೆಯ ಲೆಕ್ಕ. ಕಾಯಿಲೆ ಏನೆಂದು ಗೊತ್ತಾದ ಮೇಲೆ ಒಂದು ಮಧ್ಯಾಹ್ನ ಶಿವರುದ್ರಪ್ಪ ಆಕೆಯನ್ನು ಅಡಿಗೆಮನೆಯಲ್ಲಿ ಕೂಡಿಸಿ, ಫ್ಯಾನು ನಿಲ್ಲಿಸಿ, ಕುಕ್ಕರ್ ಇಳಿಸಿ, ಫೋನಿನಲ್ಲಿ ಹಾಡು ಹಿಡಿದುಕೊಂಡರು. ಅದನ್ನು ಪೆನ್‌ಡ್ರೈವಿಗೆ ಹಾಕಿ ಕಾರಿನಲ್ಲಿಟ್ಟರು. ಮನೆಯಲ್ಲಿ ಹಚ್ಚುವ ಧೈರ್ಯ ಅವರಿಗೆ ಆಗಲಿಲ್ಲ.

ಆ ರೆಕಾರ್ಡಿಂಗಿನಲ್ಲಿ ಆರತಿ ಪದವಿಲ್ಲ. "ದಣದಿದ್ಳು ಪಾಪ, ಆರತಿ ಪದ ಸುದ್ದಾ ಮರತಳು," ಎಂದು ಮಾತಿಗೆ ಬಂದವರಿಗೆಲ್ಲ ಅವರು ಹೇಳುತ್ತಿದ್ದರು. ನೀತಾ ಅಂಥ ಹೊತ್ತಿನಲ್ಲಿ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಈ ಸಲದ ಜೇಜುರಿ ಪ್ರಯಾಣದಲ್ಲಿ ಹೆಂಡತಿಯ ದನಿ ಸ್ವಚ್ಛ ಕೇಳಲೇಬೇಕೆಂದು ಹಟ ಹಿಡಿದು, ಕಾತ್ರಜದ ಮನೆಯಿಂದ ಮಗಳನ್ನೂ ಹೊರಡಿಸಿಕೊಂಡು ಬಿಬವೇವಾಡಿಯ ಸ್ಪೀಕರಿನ ಅಂಗಡಿಗೆ ಬಂದರು. ಅಂಗಡಿಯ ಅಕ್ಷಯ ಗೋಡೆಯ ಹಲಗೆಗೆ ಬಗೆಬಗೆಯ ಸ್ಪೀಕರು ಜಡಿದಿದ್ದ. ಗುಂಡಿ ಒತ್ತಿದಂತೆ ಒಂದೇ ಹಾಡು ಒಂದು ಜೋಡಿಯಿಂದ ಇನ್ನೊಂದಕ್ಕೆ ಹಾರುತ್ತಿತ್ತು. "ಬೇಸ್ ಬಘಾ, ಕಾಕಾ!" ಎಂದು ದಪ್ಪ ದನಿಗೆ ಶೋಕೇಸಿನ ಗಾಜು ನಡುಗುವುದನ್ನು ತೋರಿಸಿ ಹಿಗ್ಗಿದ.

"ಭೂಕಂಪ ನಕೋ, ಮಾಝಂ ಗಾಣಂ ಲಾವ್," ಭೂಕಂಪ ಬೇಡ, ನನ್ನ ಹಾಡು ಹಚ್ಚು ಎಂದು ಶಿವರುದ್ರಪ್ಪ ತಮ್ಮ ಪೆನ್‌ಡ್ರೈವ್ ಮುಂದೆ ಹಿಡಿದರು.

ಮೊದಲ ಜೋಡಿಯಲ್ಲಿ ಗೌರಾಬಾಯಿಯ ದನಿ ಕಂಬಳಿ ಹೊದ್ದಂತೆ ಮೆತ್ತಗಿತ್ತು. ಗೊರಗೊರವಿಲ್ಲ, ಆದರೆ ಪದಗಳ ಅಂಚು ಸವೆದಿತ್ತು. ಎರಡನೆಯದಕ್ಕೆ ಸಣ್ಣ ದನಿಗೆಂದೇ ಪುಟ್ಟದೊಂದು ಟ್ವೀಟರು ಬೇರೆಯಾಗಿ ಇತ್ತು. ಅದರಲ್ಲಿ ಆಕೆ ಉಸಿರೆಳೆದುಕೊಂಡದ್ದು ಕೇಳಿಸಿತು. ತಾಳಕ್ಕೆ ತೊಡೆ ತಟ್ಟುವಾಗಿನ ಬಳೆಯ ಸಪ್ಪಳವೂ ಕೇಳಿಸಿತು. ಶಿವರುದ್ರಪ್ಪ ಕಣ್ಣು ಮುಚ್ಚಿದರು.

"ಆತಲ್ಲಪಾ, ಗೊತ್ತಾತಲ್ಲ. ಬಂದ್ ಮಾಡಸು," ಎಂದಳು ನೀತಾ, ಅವಸರದಲ್ಲಿ.

"ತಡೀ. ಪೂರ್ತಿ ಕೇಳೂಣು."

ಹಾಡು ಮುಗಿಯಿತು. ಆಮೇಲೆ ಕೇಳುವುದು ತಮ್ಮದೇ ಒಂದು ಮಾತು ಎಂದು ಅವರಿಗೆ ಗೊತ್ತಿತ್ತು. ಕಾರಿನ ಗೊರಗೊರದಲ್ಲೂ ಅದು ಕೇಳುತ್ತಿತ್ತು. ಆದರೆ ಅದಕ್ಕೂ ಮುಂಚೆ, ದೂರದಿಂದೆಂಬಂತೆ, ಸಣ್ಣ ದನಿಯೊಂದು ಬಂತು:

"ಆರತಿ ಪದ ಹಾಡ್ಲೇನ್ರಿ?"

ಬೆನ್ನಿಗೇ ಅವರ ದನಿ: "ಆತು, ಸಾಕು. ಲೆವೆಲ್ ಬರೋಬ್ಬರಿ ಬಂದದ."

ಅಕ್ಷಯನಿಗೆ ಕನ್ನಡ ತಿಳಿಯದು. ಮುಂದಿನ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ.

ಆ ಮಧ್ಯಾಹ್ನವನ್ನು ಶಿವರುದ್ರಪ್ಪ ನೆನಪಿಗೆ ತಂದುಕೊಳ್ಳಲು ನೋಡಿದರು. ಫೋನಿನ ಪರದೆಯಲ್ಲಿ ದನಿಯ ಮಟ್ಟ ತೋರಿಸುವ ಹಸಿರು ಪಟ್ಟಿ ಕೆಂಪಿಗೆ ಹೋಗದಂತೆ ಕಾದದ್ದು ನೆನಪಿತ್ತು. ಆಕೆಯ ಮುಖ ನೆನಪಿಗೆ ಬರಲಿಲ್ಲ. ಆಕೆ ಕೇಳಿದ್ದಕ್ಕೇ ತಾವು ಸಾಕು ಎಂದರೋ, ಕೇಳಿದ್ದು ಕಿವಿಗೇ ಬೀಳದೆ ಎಂದರೋ, ಅದನ್ನು ಪತ್ತೆ ಮಾಡುವ ಯಾವ ಉಪಕರಣವೂ ಅವರ ಬಳಿ ಇರಲಿಲ್ಲ.

"ನನ್ನ ಫೋನಿನಾಗೂ ಈ ಹಾಡ ಅದ ಅಪ್ಪಾ," ಎಂದಳು ನೀತಾ ನೆಲ ನೋಡುತ್ತ. "ಹೆಡ್‌ಫೋನಿನಾಗ ಅವ್ವನ ಆ ಮಾತ ಮೊದಲಿಂದನೂ ಕೇಳಸ್ತಿತ್ತು. ಅದಕ್ಕ ಹಳೇವ ಇರ್ಲಿ ಅಂತಿದ್ದೆ."

"ಮಂದಿಗೆಲ್ಲ ಆಕೀನ ಮರತಳು ಅಂತ ಹೇಳ್ಕೋತ ಬಂದ್ನಲ್ಲ. ಆಗರೆ ಹೇಳಬಾರದಾಗಿತ್ತ?"

"ಹ್ಯಾಂಗ ಹೇಳ್ಲಿ?"

ಶಿವರುದ್ರಪ್ಪ ಮಗಳ ಕಡೆ ತಿರುಗಿದರು. "ಆ ಪದ ನಿನಗ ಬರ್ತದೇನು?"

"ಇಲ್ಲಪಾ. ಆಕಿ ಹಾಡಾಕತ್ತಿದ್ರ ನಾ ಹಿಂದಿನ ಸೀಟಿನಾಗ ಕಿವಿಗೆ ವೈರ್ ಸಿಗಸ್ಕೊಂಡ ಕುಂಡ್ರತಿದ್ದೆ."

"ಕಾಕಾ, ಕೋಣತೇ ಬಸವೂ?" ಯಾವುದನ್ನು ಕೂಡಿಸಲಿ ಎಂದು ಅಕ್ಷಯ ಕೇಳಿದ.

ನೀತಾ ಥಟ್ಟನೆ ಮೊದಲ ಜೋಡಿಗೆ ಕೈ ತೋರಿದಳು. "ಅವ ತೊಗೊ ಅಪ್ಪಾ. ದನಿ ಮೆತ್ತಗ ಅದ."

"ಬ್ಯಾಡ. ಆಕಿ ಮಾತ ಮತ್ತ ಮುಚ್ಚೂದು ಬ್ಯಾಡ," ಎಂದು ಶಿವರುದ್ರಪ್ಪ ಎರಡನೆಯದನ್ನು ತೋರಿಸಿದರು.

ಅಕ್ಷಯ ಕಾರಿನ ಬಾಗಿಲಿನ ಒಳಹಲಗೆ ಬಿಚ್ಚಿ ಹಳೆಯದನ್ನು ಎಳೆದಾಗ ಬಿರಿದ ರಬ್ಬರು ಅವನ ಕೈಯಲ್ಲೇ ಪುಡಿಯಾಯಿತು. ಹೊಸದು ಅವರ ಅಳತೆಗೆ ಸರಿಯಾಗಿ, ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಕೆಲಸ ಮುಗಿದ ಮೇಲೆ ಶಿವರುದ್ರಪ್ಪ ಕಾರಿನೊಳಗೆ ಕೂತು, ಗಾಜು ಏರಿಸಿ, ಹಾಡನ್ನು ಕೊನೆಯ ಭಾಗಕ್ಕೆ ಓಡಿಸಿದರು. ಪಕ್ಕದಲ್ಲಿ ನೀತಾ ಬಂದು ಕೂತಳು. ಕಿವಿಗೆ ಯಾವ ವೈರೂ ಇರಲಿಲ್ಲ.

ಪದ ಮುಗಿಯಿತು. ಬಳೆ ಸದ್ದಾಯಿತು. ಎಡ ಬಾಗಿಲಿನಿಂದ, ಯಾವಾಗಲೂ ತಾನು ಕೂಡುತ್ತಿದ್ದ ಬದಿಯಿಂದ, ಗೌರಾಬಾಯಿ ಮತ್ತೆ ಅದನ್ನೇ ಕೇಳಿದಳು.

"ಹಾಡು" ಎನ್ನಲು ಅವರು ಬಾಯಿ ತೆರೆದರು. ಅಷ್ಟರಲ್ಲಿ ಅವರದೇ ದನಿ, ಒಂದಿಷ್ಟೂ ಒಡಕಿಲ್ಲದೆ, ಸಾಕು ಎಂದಿತು.